ಕೂತ ಹಕ್ಕಿಯ ಮುಂದೆ ಹಾರಾಟದ ಪಾಠ

ಕರಾವಳಿಯ ಹಕ್ಕಿಗಳ ಫೋಟೊ ತೆಗೆಯಬೇಕು ಎಂದು ಆಸೆಪಟ್ಟವರು ಮೊದಲು ವಿಚಾರಿಸುವುದು ಲೆನ್ಸ್ ಬಗ್ಗೆ. 400 ಮಿಲಿಮೀಟರ್ ಸಾಕೇ, 600 ಬೇಕೇ, ಯಾವ ಕಂಪನಿಯದು ಚೆನ್ನ, ಸೆಕೆಂಡ್‌ ಹ್ಯಾಂಡ್ ಸಿಕ್ಕೀತೇ? ಎಲ್ಲವೂ ಬೇಕಾದ ವಿಚಾರಗಳೇ. ಆದರೆ ಕಾರವಾರದಿಂದ ಮಂಗಳೂರಿನ ತನಕ ಯಾವ ಅಳಿವೆಯಲ್ಲಿ ನಿಂತರೂ ಇವಕ್ಕಿಂತ ಮೊದಲು ಕೇಳಬೇಕಾದ್ದು ಬೇರೆಯೇ ಇದೆ. ನಾಳೆ ಭರತ, ಅಂದರೆ ಕಡಲಿನ ಉಬ್ಬರ, ಎಷ್ಟು ಹೊತ್ತಿಗೆ? ಗಾಳಿ ಯಾವ ಕಡೆಯಿಂದ? ಬಿಸಿಲು ನನ್ನ ಬೆನ್ನಿಗೋ, ಮುಖಕ್ಕೋ? ಇಷ್ಟಕ್ಕೆ ಉತ್ತರ ಗೊತ್ತಿದ್ದವರು ಸಾಧಾರಣ ಲೆನ್ಸ್‌ನಲ್ಲೂ ಚಿತ್ರ ತೆಗೆದು ತರುತ್ತಾರೆ. ಗೊತ್ತಿಲ್ಲದವರು ಎಷ್ಟು ಲಕ್ಷ ಸುರಿದರೂ ಹಕ್ಕಿಯ ಬೆನ್ನು, ಬಾಲಗಳನ್ನಷ್ಟೇ ತುಂಬಿಸಿಕೊಂಡು ಮನೆಗೆ ಬರುತ್ತಾರೆ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಾರುವ ಹಕ್ಕಿಯ ಒಳ್ಳೆಯ ಚಿತ್ರ ಬೇಕಿದ್ದರೆ ಕೂತ ಹಕ್ಕಿಯ ಮುಂದೆ ಬಹಳ ಹೊತ್ತು ಕೂರಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಭರತದಿಂದ ಶುರುಮಾಡೋಣ. ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಇಂದು ನೀರೇರಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಇಳಿತದಲ್ಲಿ ಅಘನಾಶಿನಿಯಂಥ ಅಳಿವೆಯ ಕೆಸರುಬಯಲು ಕಣ್ಣು ಹಾಯುವಷ್ಟು ದೂರ ತೆರೆದುಕೊಳ್ಳುತ್ತದೆ. ಗೊರವಗಳು, ಬೆಳ್ಳಕ್ಕಿಗಳು, ರೀವಗಳು (ಟರ್ನ್) ಅಲ್ಲಿ ಚದುರಿಹೋಗಿ ಹುಳು, ಏಡಿ, ಸಣ್ಣ ಮೀನು ಹೆಕ್ಕುತ್ತವೆ. ಬಳಚು ಎಂಬ ಚಿಪ್ಪುಜೀವಿಯನ್ನು ತೆಗೆಯುವ ಹೆಂಗಸರು ಗಂಡಸರು ಅದೇ ಹೊತ್ತಿಗೆ ನೀರಿಗಿಳಿಯುತ್ತಾರೆ. ಆಗ ಹಕ್ಕಿಗಳ ಹಿಂದೆ ನಡೆದು ಹೋದರೆ ಸಿಗುವುದು ಮೊಣಕಾಲಿನ ತನಕ ಕೆಸರು ಮಾತ್ರ. ನೀರು ಏರತೊಡಗಿದಾಗ ಕಥೆ ತಿರುಗುತ್ತದೆ. ಮೇಯುವ ಜಾಗ ಗೇಣುಗೇಣಾಗಿ ಮುಳುಗುತ್ತ ಬಂದಂತೆ ಹಕ್ಕಿಗಳು ತಾವಾಗಿಯೇ ದಡದ ಕಡೆ ಸರಿಯುತ್ತವೆ, ಒಟ್ಟಾಗುತ್ತವೆ. ಕೊನೆಗೆ ಮುಳುಗದೆ ಉಳಿದ ಮರಳದಿಬ್ಬದ ಮೇಲೆ ಗುಂಪಾಗಿ ನಿಂತು ನಿದ್ದೆಗೆ ಜಾರುತ್ತವೆ. ದಡದಲ್ಲಿ ಮೊದಲೇ ಬಂದು ಅಲುಗಾಡದೆ ಕೂತವನ ಹತ್ತಿರಕ್ಕೆ ಅವೇ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಈ ಕರಾವಳಿಯಲ್ಲಿ ಭರತ ಮಧ್ಯಾಹ್ನದ ಆಚೀಚೆ ಬರುತ್ತದೆ, ನೀರಿನ ಏರಿಳಿತವೂ ಆಗಲೇ ಹೆಚ್ಚು. ಅಂದರೆ ಬೆಳಗಿನ ಎಳೆಬಿಸಿಲಿನ ಹೊತ್ತಿಗೆ ನೀರು ಏರುತ್ತಿರುತ್ತದೆ. ಬೆಳಕೂ ನೀರೂ ಒಟ್ಟಿಗೆ ನಮ್ಮ ಪರವಾಗಿರುವ ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ನಿಖರವಾದ ಹೊತ್ತು ಬೇಕಿದ್ದರೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕ ಇದೆ, ಮೊಬೈಲ್ ಆ್ಯಪ್‌ಗಳೂ ಇವೆ. ಎಲ್ಲಕ್ಕಿಂತ ಒಳ್ಳೆಯದು ಆ ಅಳಿವೆಯಲ್ಲಿ ದೋಣಿ ನಡೆಸುವವರನ್ನು ಕೇಳುವುದು. ಕೋಷ್ಟಕ ಬಂದರಿನ ಲೆಕ್ಕ ಹೇಳುತ್ತದೆ, ಹೊಳೆಯೊಳಗೆ ನೀರು ತಲುಪುವ ಹೊತ್ತು ಅವರಿಗೇ ಗೊತ್ತು.

ಗಾಳಿಯ ವಿಷಯದಲ್ಲಿ ಪಶ್ಚಿಮ ಕರಾವಳಿಯವರು ಭಾಗ್ಯವಂತರು. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಕೂತಾಗಲೂ ಗಾಳಿಗೆ ಮುಖಮಾಡಿಯೇ ಕೂರುತ್ತದೆ, ಇಲ್ಲದಿದ್ದರೆ ಗರಿಗಳು ಹಿಂದಿನಿಂದ ಎದ್ದು ಕೆದರಿಕೊಳ್ಳುತ್ತವೆ. ಚಳಿಗಾಲದ ಬೆಳಿಗ್ಗೆ ಇಲ್ಲಿ ಗಾಳಿ ನೆಲದಿಂದ ಕಡಲಿಗೆ, ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಉಳಿಯುತ್ತದೆ, ಅದಕ್ಕೇ ಹಾಗೆ. ಸೂರ್ಯ ಏಳುವುದೂ ಪೂರ್ವದಲ್ಲಿಯೇ. ಹೀಗಾಗಿ ದಡದಲ್ಲಿ ಕಡಲಿಗೆ ಮುಖಮಾಡಿ ನಿಂತವನಿಗೆ ಬಿಸಿಲು ಬೆನ್ನಿಗೆ ಇರುತ್ತದೆ, ಹಕ್ಕಿಯ ಮುಖ ಅವನ ಕಡೆಗಿರುತ್ತದೆ, ಅದರ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಹೊಳೆಯುತ್ತದೆ. ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಯಾವ ಸ್ಟುಡಿಯೋದಲ್ಲೂ ಮಾಡಲಾಗದು. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ. ಸಂಜೆ ಹಕ್ಕಿಗಳು ಪಶ್ಚಿಮಕ್ಕೆ ಮುಖ ಮಾಡುತ್ತವೆ, ಬಿಸಿಲೂ ಆ ಕಡೆಯಿಂದಲೇ ಬರುತ್ತದೆ, ದಡದಲ್ಲಿರುವ ನಮಗೆ ಉಳಿಯುವುದು ಬೆನ್ನು ಮತ್ತು ಕಪ್ಪು ನೆರಳಾಕೃತಿ. ಪ್ರವಾಸಿಗರ ಕಣ್ಣಿಗೆ ಕಡಲು ಸಂಜೆ ಚೆಂದ. ಹಕ್ಕಿ ಚಿತ್ರ ತೆಗೆಯುವವರಿಗೆ ನಮ್ಮ ಕರಾವಳಿ ಬೆಳಗಿನದ್ದು. ಜನವರಿಯಲ್ಲಿ ಸೂರ್ಯ ಕಾಣಿಸುವುದೇ ಏಳು ಗಂಟೆಯ ಹೊತ್ತಿಗೆ, ಹತ್ತರ ಸುಮಾರಿಗೆ ಮರಳಿನಿಂದ ಬಿಸಿಯಲೆ ಎದ್ದು ದೂರದ ಹಕ್ಕಿ ತೇಲಾಡಿದಂತೆ ಕಾಣಲು ಶುರುವಾಗುತ್ತದೆ. ಆ ಬಿಸಿಯಲೆಯನ್ನು ದಾಟಿ ಸ್ಪಷ್ಟ ಚಿತ್ರ ತೆಗೆಯಬಲ್ಲ ಲೆನ್ಸ್ ಯಾವುದೂ ಇಲ್ಲ. ಕೈಯಲ್ಲಿರುವುದು ಮೂರು ಗಂಟೆ ಎಂದುಕೊಂಡೇ ಹೊರಡಬೇಕು.

ಇನ್ನು ಕೂತ ಹಕ್ಕಿಯ ಬಳಿಗೆ ಹೋಗುವ ಬಗೆ. ನಿಂತ ಮನುಷ್ಯನ ಆಕಾರ ಹಕ್ಕಿಗೆ ಭಯದ್ದು. ನೇರವಾಗಿ ಅದರ ಕಡೆಗೇ ನಡೆದು ಬರುವ ಮನುಷ್ಯನೆಂದರೆ ಇನ್ನೂ ಭಯ. ಆದ್ದರಿಂದ ದೂರದಲ್ಲೇ ಬಗ್ಗಬೇಕು, ಓರೆಯಾಗಿ ಸರಿಯಬೇಕು, ಆಮೇಲೆ ಮರಳಿನ ಮೇಲೆ ಹೊಟ್ಟೆಯಡಿಯಾಗಿ ಮಲಗಿಬಿಡಬೇಕು. ಮಲಗುವುದರಿಂದ ಹಕ್ಕಿಗೆ ಧೈರ್ಯ ಬರುವುದಲ್ಲದೆ ಚಿತ್ರದ ಗುಣವೇ ಬದಲಾಗುತ್ತದೆ. ನಿಂತು ತೆಗೆದ ಚಿತ್ರದಲ್ಲಿ ಹಕ್ಕಿಯ ಹಿಂದೆ ಮರಳು, ಕಸ, ಹೆಜ್ಜೆಗುರುತು ಎಲ್ಲವೂ ಸ್ಪಷ್ಟವಾಗಿ ಅಂಟಿಕೊಳ್ಳುತ್ತವೆ. ಅದರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿದರೆ ಹಿನ್ನೆಲೆ ಬಹುದೂರದ ನೀರಾಗಿ ಕರಗಿ ಹಕ್ಕಿಯೊಂದೇ ಎದ್ದು ನಿಲ್ಲುತ್ತದೆ. ಕ್ಯಾಮೆರಾ ಊರಲು ಅಕ್ಕಿ ತುಂಬಿದ ಬಟ್ಟೆಚೀಲ ಸಾಕು. ಹಳೆಯ ಕಾವಲಿಯ ಮೇಲೆ ಆ ಚೀಲವಿಟ್ಟು ಒದ್ದೆ ಮರಳಿನಲ್ಲಿ ತಳ್ಳಿಕೊಂಡು ಹೋಗುವವರೂ ಇದ್ದಾರೆ. ಅಲೆಯ ಜೊತೆ ಓಡಿ ಹಿಂದೆ ಬರುವ ಸ್ಯಾಂಡರ್ಲಿಂಗ್‌ಗಳಿಗೆ ಈ ಉಪಾಯ ಬಹಳ ಒಗ್ಗುತ್ತದೆ. ಅವು ದಂಡೆಯ ಉದ್ದಕ್ಕೂ ಒಂದೇ ದಿಕ್ಕಿಗೆ ಸಾಗುತ್ತವೆ. ದೂರದಿಂದ ಸುತ್ತುಹಾಕಿ ಅವುಗಳ ದಾರಿಯಲ್ಲಿ ಮುಂದೆ ಹೋಗಿ ಮಲಗಿದರೆ ಕೆಲವೊಮ್ಮೆ ಲೆನ್ಸ್ ಫೋಕಸ್ ಮಾಡಲಾಗದಷ್ಟು ಹತ್ತಿರ ಬರುತ್ತವೆ.

ಕೂತ ಹಕ್ಕಿಯ ಚಿತ್ರ ಸುಲಭ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಷಟರ್ ವೇಗ ಸೆಕೆಂಡಿನ 1/500 ಇದ್ದರೆ ನಡೆಯುತ್ತದೆ, ಫೋಕಸ್ ಕಣ್ಣಿನ ಮೇಲೆ ಕೂರಿಸಲು ಸಮಯವಿದೆ, ಅಷ್ಟರಮಟ್ಟಿಗೆ ಸುಲಭ. ಕಷ್ಟ ಇರುವುದು ನೋಡುವುದರಲ್ಲಿ. ನೂರು ಹಕ್ಕಿಗಳ ಗುಂಪನ್ನು ಇಡಿಯಾಗಿ ತೆಗೆದ ಚಿತ್ರ ಬರಿಯ ಜಾತ್ರೆ. ಅದರ ಅಂಚಿನಲ್ಲಿ ತುಸು ದೂರ ನಿಂತ ಒಂದು ರೀವವನ್ನು ಹುಡುಕಿ. ಒಂಟಿಗಾಲಿನಲ್ಲಿ ನಿಂತಿದೆ, ಇನ್ನೊಂದು ಕಾಲು ಹೊಟ್ಟೆಯ ಗರಿಯೊಳಗೆ ಬೆಚ್ಚಗಿದೆ. ಕೊಕ್ಕು ಬೆನ್ನಿನಲ್ಲಿ ಹುದುಗಿದೆ. ಕಣ್ಣು ಮುಚ್ಚಿದೆಯೇ? ಕೊಂಚ ಕಾಯಿರಿ. ಹಕ್ಕಿಗಳು ಮಿದುಳಿನ ಅರ್ಧಭಾಗವನ್ನು ಎಚ್ಚರವಿಟ್ಟು ಇನ್ನರ್ಧವನ್ನು ಮಲಗಿಸಬಲ್ಲವು. ಬಾತುಗಳ ಮೇಲೆ ನಡೆದ ಅಧ್ಯಯನ 1999ರಲ್ಲೇ ಇದನ್ನು ತೋರಿಸಿಕೊಟ್ಟಿದೆ. ಗುಂಪಿನ ಅಂಚಿನಲ್ಲಿ ಮಲಗಿದ ಬಾತು ಹೊರಗಡೆಯ ಕಣ್ಣನ್ನು ತೆರೆದೇ ಇಡುತ್ತಿತ್ತು. ಮರಳದಿಬ್ಬದ ಅಂಚಿನ ಹಕ್ಕಿಯೂ ಆಗಾಗ ಒಂದು ಕಣ್ಣು ತೆರೆದು ಸುತ್ತ ನೋಡಿ ಮತ್ತೆ ಮುಚ್ಚುತ್ತದೆ. ಆ ತೆರೆದ ಕಣ್ಣಿನ ಕ್ಷಣವೇ ಚಿತ್ರ.

ಬಿಳಿ ಹಕ್ಕಿಗಳು ಕ್ಯಾಮೆರಾವನ್ನು ದಾರಿ ತಪ್ಪಿಸುತ್ತವೆ. ಕ್ಯಾಮೆರಾದ ಮೀಟರು ಎಲ್ಲವನ್ನೂ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಗಾಢ ನೀರಿನ ಮುಂದೆ ಕಡಲಕ್ಕಿ (ಗಲ್) ಹಾರಿದರೆ ನೀರಿನ ಕಪ್ಪನ್ನು ತಿಳಿಗೊಳಿಸಲು ಹೋಗಿ ಹಕ್ಕಿಯ ಬಿಳಿಯನ್ನು ಸುಟ್ಟುಬಿಡುತ್ತದೆ. ಒಮ್ಮೆ ಸುಟ್ಟ ಬಿಳಿಯಲ್ಲಿ ಗರಿಯ ಗೆರೆ ಯಾವ ಸಾಫ್ಟ್‌ವೇರಿನಲ್ಲೂ ಮರಳಿ ಬಾರದು. ಅದೇ ಕಡಲಕ್ಕಿ ಬೆಳ್ಳಗಿನ ಆಕಾಶಕ್ಕೆ ಏರಿತೆಂದರೆ ಕ್ಯಾಮೆರಾ ಅದನ್ನು ಮಸಿಯಂತೆ ಕಪ್ಪಾಗಿಸುತ್ತದೆ. ನೀರು, ನೊರೆ, ಗಾಳಿಮರದ ಸಾಲು, ಆಕಾಶ ಎಂದು ಹಿನ್ನೆಲೆ ಒಂದೇ ಹಾರಾಟದಲ್ಲಿ ನಾಲ್ಕು ಸಲ ಬದಲಾಗುತ್ತದೆ. ಹಕ್ಕಿಯ ಮೇಲೆ ಬಿದ್ದ ಬಿಸಿಲು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಬಿಸಿಲು ಸ್ಥಿರವಾಗಿರುವಾಗ ಮ್ಯಾನುಯಲ್ ಮೋಡ್‌ಗೆ ಹೋಗಿ ಲೆಕ್ಕವನ್ನು ನಾವೇ ಕಟ್ಟಿಹಾಕುವುದು ಜಾಣತನ. ಬೆಳಗಿನ ಎಳೆಬಿಸಿಲಿಗೆ ಐಎಸ್‌ಒ 800, ಅಪರ್ಚರ್ ಎಫ್ 6.3, ಷಟರ್ 1/2000 ಎಂದು ಶುರುಮಾಡಿ, ಕೂತ ಬಿಳಿ ಹಕ್ಕಿಯೊಂದನ್ನು ತೆಗೆದು ನೋಡಬೇಕು. ಪರದೆಯ ಮೇಲೆ ಬಿಳಿ ಭಾಗ ಮಿನುಗಿ ಎಚ್ಚರಿಸಿದರೆ ಐಎಸ್‌ಒ ಇಳಿಸಬೇಕು, ಮಿನುಗದ ಹಂತಕ್ಕೆ ತಂದು ಅಲ್ಲಿಗೆ ಬಿಡಬೇಕು. ಮೋಡ ಕವಿದಾಗ ಅಥವಾ ಬಿಸಿಲೇರಿದಾಗ ಮಾತ್ರ ಮತ್ತೆ ಮುಟ್ಟಿದರಾಯಿತು. ಹಾರಾಟಕ್ಕೆ ಬೇಕಾದ ಲೆಕ್ಕವನ್ನು ಕೂತ ಹಕ್ಕಿಯ ಮೇಲೆ ಹಾಕುವುದು ಎಂದರೆ ಇದು.

ಕೂತ ಹಕ್ಕಿ ಇನ್ನೂ ಹೆಚ್ಚಿನದನ್ನು ಕಲಿಸುತ್ತದೆ. ಹಾರುವ ಮುನ್ನ ಅದು ಸೂಚನೆ ಕೊಡುತ್ತದೆ, ನೋಡುವ ತಾಳ್ಮೆ ನಮಗಿರಬೇಕು. ನಿದ್ದೆಯಿಂದ ಎದ್ದ ಕಡಲಕ್ಕಿ ಒಂದು ಬದಿಯ ರೆಕ್ಕೆಯನ್ನೂ ಕಾಲನ್ನೂ ಒಟ್ಟಿಗೆ ಹಿಂದಕ್ಕೆ ಚಾಚಿ ಮೈಮುರಿಯುತ್ತದೆ. ಆಮೇಲೆ ಎರಡೂ ರೆಕ್ಕೆಗಳನ್ನು ಬೆನ್ನ ಮೇಲೆ ಎತ್ತುತ್ತದೆ. ಗರುಡ, ಕಡಲ ಹದ್ದುಗಳು ಹಾರುವುದಕ್ಕೆ ಸ್ವಲ್ಪ ಮೊದಲು ಹಿಕ್ಕೆ ಹಾಕಿ ಹಗುರಾಗುವುದು ಸಾಮಾನ್ಯ. ಹಕ್ಕಿ ಗಾಳಿಗೆ ನೇರವಾಗಿ ತಿರುಗಿ, ಮೈಯ ಗರಿಗಳನ್ನು ಒತ್ತಿ ತೆಳ್ಳಗಾಗಿ, ಮೊಣಕಾಲು ಮಡಿಸಿ ಮುಂದಕ್ಕೆ ಬಾಗಿತೆಂದರೆ ಮರುಕ್ಷಣ ಅದು ನೆಲದ ಮೇಲಿರುವುದಿಲ್ಲ. ಆ ಬಾಗುವಿಕೆಗೂ ಮೊದಲ ರೆಕ್ಕೆಬಡಿತಕ್ಕೂ ನಡುವೆ ಬೆರಳು ಒತ್ತಲು ಅವಕಾಶವಿದೆ. ಚೌಕಟ್ಟಿನಲ್ಲಿ ಹಕ್ಕಿಯ ಮುಂದೆ, ಗಾಳಿ ಬರುವ ಕಡೆಗೆ, ರೆಕ್ಕೆ ಬಿಚ್ಚುವಷ್ಟು ಜಾಗವನ್ನು ಮೊದಲೇ ಬಿಟ್ಟಿರಬೇಕು ಅಷ್ಟೆ.

ಹಾರಾಟವನ್ನು ಯಾವ ಹಕ್ಕಿಯಿಂದ ಕಲಿಯಬೇಕು ಎಂದರೆ ನನ್ನ ಉತ್ತರ ಗರುಡ. ಕಂದು ಮೈ, ಬಿಳಿ ತಲೆಯ ಈ ಹಕ್ಕಿ ಮಲ್ಪೆಯಂಥ ಮೀನುಗಾರಿಕೆ ಬಂದರುಗಳಲ್ಲಿ, ಬೋಟುಗಳು ಬಂಗುಡೆ, ಬೂತಾಯಿ ಇಳಿಸುವ ಹೊತ್ತಿಗೆ ಹತ್ತಾರು ಸಂಖ್ಯೆಯಲ್ಲಿ ಸುತ್ತುತ್ತಿರುತ್ತದೆ. ರೆಕ್ಕೆ ಅಗಲ, ವೇಗ ಕಡಿಮೆ, ಮನುಷ್ಯರ ಭಯವಿಲ್ಲ. ಒಂದು ಸುತ್ತು ತಪ್ಪಿದರೆ ಅದೇ ದಾರಿಯಲ್ಲಿ ಮತ್ತೊಂದು ಸುತ್ತು ಬರುತ್ತದೆ. ಕಂದು ಮೈಗೂ ಬಿಳಿ ತಲೆಗೂ ಬೆಳಕು ಹೊಂದಿಸುವುದನ್ನು ಒಟ್ಟಿಗೇ ಕಲಿಸುತ್ತದೆ. ಅದು ಕೈಗೆ ಹತ್ತಿದ ಮೇಲೆ ಕಡಲಕ್ಕಿಗಳಿಗೆ ಹೋಗಬಹುದು. ಕೈರಂಪಣಿ ಬಲೆ ಎಳೆಯುವ ದಂಡೆಯಲ್ಲಿ ಅವು ತಲೆಯ ಮೇಲೆಯೇ ತೇಲುತ್ತವೆ. ನಂತರ ರೀವಗಳು. ಇವು ಗಾಳಿಯಲ್ಲಿ ಒಂದೆಡೆ ನಿಂತು, ಕೆಳಗೆ ನೋಡಿ, ಧುಮುಕುತ್ತವೆ. ನಿಂತ ಕ್ಷಣದಲ್ಲಿ ಫೋಕಸ್ ಹಿಡಿಯದಿದ್ದರೆ ಧುಮುಕುವಾಗ ಹಿಡಿಯಲಾಗದು. ಕೊನೆಯ ಪರೀಕ್ಷೆ ಪುಟ್ಟ ಗೊರವಗಳದ್ದು. ಇಡೀ ಗುಂಪು ಒಮ್ಮೆ ಬೆನ್ನಿನ ಕಂದು, ಒಮ್ಮೆ ಹೊಟ್ಟೆಯ ಬಿಳಿ ತೋರಿಸುತ್ತ ನೀರಿಗೆ ತಾಗಿದಂತೆ ತಿರುಗುವಾಗ ಪಳಗಿದ ಕೈಯೂ ತಡವರಿಸುತ್ತದೆ.

ಕೈಚಳಕದ ಮಾತು ಕೆಲವೇ. ಕ್ಯಾಮೆರಾ ಬಿಡದೆ ಫೋಕಸ್ ಮಾಡುತ್ತಲೇ ಇರುವ ಕ್ರಮದಲ್ಲಿರಲಿ. ಈಚೆಗೆ ಬಂದ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸುತ್ತವೆ. ಬಹಳ ಉಪಕಾರವಾಗಿದೆ, ಆದರೂ ಹಕ್ಕಿಯನ್ನು ಚೌಕಟ್ಟಿನೊಳಗೆ ತಂದು ಇರಿಸುವ ಕೆಲಸ ನಮ್ಮದೇ. ಹಕ್ಕಿ ದೂರವಿದ್ದಾಗಲೇ ಹಿಡಿದು ಹಿಂಬಾಲಿಸಬೇಕು. ಹತ್ತಿರ ಬಂದ ಮೇಲೆ ಹುಡುಕಲು ಹೊರಟರೆ ತಡವಾಯಿತು. ಜೂಮ್ ಲೆನ್ಸ್ ಇದ್ದರೆ ಅಗಲದಲ್ಲಿ ಹಕ್ಕಿಯನ್ನು ಹಿಡಿದು ಆಮೇಲೆ ಉದ್ದಕ್ಕೆ ಎಳೆಯಿರಿ. ಚಿತ್ರ ಎಲ್ಲಿ ಬೇಕೋ ಆ ಕಡೆಗೆ ಪಾದಗಳನ್ನು ಊರಿ, ಸೊಂಟದಿಂದ ಮೇಲಿನ ಮೈಯನ್ನಷ್ಟೇ ಹಕ್ಕಿ ಬರುವ ದಿಕ್ಕಿಗೆ ತಿರುಗಿಸಿ ನಿಲ್ಲಿ. ಹಕ್ಕಿ ಸಾಗಿದಂತೆ ಮೈ ಬಿಚ್ಚಿಕೊಳ್ಳುತ್ತ ಹೋಗುತ್ತದೆ, ಸರಿಯಾದ ಜಾಗಕ್ಕೆ ಬಂದಾಗ ಕೈ ಸಡಿಲವಾಗಿರುತ್ತದೆ. ಬಟನ್ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ರೆಕ್ಕೆ ಪೂರ್ತಿ ಮೇಲೆತ್ತಿದಾಗ ಇಲ್ಲವೇ ಪೂರ್ತಿ ಕೆಳಗೆ ಬಡಿದಾಗ ಚಿತ್ರಕ್ಕೆ ಆಕಾರ ಬರುತ್ತದೆ, ನಡುವಿನ ಚಪ್ಪಟೆ ಸ್ಥಿತಿಯಲ್ಲಿ ಹಕ್ಕಿ ಕಡ್ಡಿಯಂತೆ ಕಾಣುತ್ತದೆ. ರೆಕ್ಕೆಯ ಅಡಿಭಾಗ ಬೆಳಗಬೇಕಾದರೆ ಸೂರ್ಯ ಕೆಳಗಿರಬೇಕು. ಒದ್ದೆ ಮರಳಿನಿಂದ ಮೇಲಕ್ಕೆ ಚಿಮ್ಮುವ ಬೆಳಕೂ ಸಹಾಯಕ್ಕೆ ಬರುತ್ತದೆ.

ಹಾರುವ ಹಕ್ಕಿಯನ್ನು ಫೋಟೊದಲ್ಲಿ ಹಿಡಿಯುವ ವಿದ್ಯೆ ಹುಟ್ಟಿದ್ದರಲ್ಲೂ ಕಡಲಕ್ಕಿಗಳ ಪಾಲಿದೆ ಎನ್ನುವುದು ನನಗೆ ಖುಷಿ ಕೊಡುವ ಸಂಗತಿ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್-ಜೂಲ್ ಮಾರೆ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಒಂದನ್ನು ಕಟ್ಟಿದ. ಹೆಗಲಿಗೆ ಊರಿ ಗುರಿಯಿಟ್ಟು ಕುದುರೆ ಒತ್ತಿದರೆ ತಿರುಗುವ ಗಾಜಿನ ಫಲಕದ ಮೇಲೆ ಸೆಕೆಂಡಿಗೆ 12 ಚಿತ್ರ ಮೂಡುತ್ತಿದ್ದವು. ಇಟಲಿಯ ನೇಪಲ್ಸ್ ಕೊಲ್ಲಿಯ ದಡದಲ್ಲಿ ಅವನು ಅದನ್ನು ಕಡಲಕ್ಕಿಗಳ ಕಡೆಗೆ ಹಿಡಿದ. ಅವನಿಗೆ ಬೇಕಿದ್ದದ್ದು ಅಂದದ ಚಿತ್ರವಾಗಿರಲಿಲ್ಲ, ರೆಕ್ಕೆ ಹೇಗೆ ಗಾಳಿಯನ್ನು ತಳ್ಳುತ್ತದೆ ಎಂಬ ತಿಳಿವಳಿಕೆ. 1890ರಲ್ಲಿ ಹಕ್ಕಿಗಳ ಹಾರಾಟದ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದ್ದರ ಹಿಂದೆಯೂ ಇಂಥದೇ ಕುತೂಹಲ ಇತ್ತು ಎಂದು ಅವರ ಹಕ್ಕಿ ಪುಸ್ತಕಗಳನ್ನು ಓದಿದವರಿಗೆ ಅನ್ನಿಸದಿರದು.

ಆ ಕುತೂಹಲವಿದ್ದರೆ ಹಾರಾಟದ ಚಿತ್ರಕ್ಕೆ ಬೇರೆಯೇ ಬೆಲೆ ಬರುತ್ತದೆ. ಚಳಿಗಾಲದಲ್ಲಿ ಕಂದುತಲೆಯ ಕಡಲಕ್ಕಿಯೂ ಕರಿತಲೆಯ ಕಡಲಕ್ಕಿಯೂ ತಲೆಯ ಬಣ್ಣ ಕಳೆದುಕೊಂಡು ಕಿವಿಯ ಹತ್ತಿರ ಒಂದು ಮಚ್ಚೆಯಷ್ಟೇ ಉಳಿಸಿಕೊಂಡಿರುತ್ತವೆ. ಅಕ್ಕಪಕ್ಕ ಕೂತರೆ ಹೊಸಬರಿಗೆ ಎರಡೂ ಒಂದೇ. ಎದ್ದು ಹಾರಿದಾಗ ಬಲಿತ ಕಂದುತಲೆಯದರ ಕಪ್ಪು ರೆಕ್ಕೆತುದಿಯಲ್ಲಿ ಬಿಳಿಯ ಚುಕ್ಕೆಗಳು ಕಾಣುತ್ತವೆ, ಕರಿತಲೆಯದರಲ್ಲಿ ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ಬಿಳಿ ಪಟ್ಟಿ. ಬೂದು ಪ್ಲೋವರ್ ಕೂತಾಗ ಬೂದುಬೂದು, ಹಾರಿದಾಗ ಕಂಕುಳಲ್ಲಿ ಕಪ್ಪು ಮಚ್ಚೆ. ರೆಡ್‌ಶ್ಯಾಂಕ್ ಗೊರವದ ರೆಕ್ಕೆಯ ಹಿಂದಿನ ಅಂಚಿನ ಬಿಳಿ ಪಟ್ಟಿ ಹಾರುವಾಗಲೇ ಎದ್ದು ಕಾಣುವುದು. ಹೆಸರು ಹಿಡಿಯಲು ಬೇಕಾದ ಗುರುತುಗಳು ಎಷ್ಟೋ ಸಲ ಮಡಿಸಿದ ರೆಕ್ಕೆಯೊಳಗೆ ಅಡಗಿರುತ್ತವೆ. ತುಸು ಮಸುಕಾದ, ಗೋಡೆಗೆ ಹಾಕಲು ಆಗದ ಚಿತ್ರವೂ ಈ ಕಾರಣಕ್ಕೆ ಉಳಿಸಿಕೊಳ್ಳಲು ಯೋಗ್ಯ.

ಈಗ ನೋವಿನ ಮಾತು. ಹಾರಾಟದ ಚಿತ್ರ ಬೇಕೆಂದು ಮಲಗಿದ ಗುಂಪನ್ನು ಎಬ್ಬಿಸುವವರಿದ್ದಾರೆ. ಚಪ್ಪಾಳೆ ತಟ್ಟುತ್ತಾರೆ, ಮಕ್ಕಳನ್ನು ಓಡಿಸುತ್ತಾರೆ, ದಂಡೆಯ ಮೇಲೆ ಜೀಪು ತರುತ್ತಾರೆ. ನಮ್ಮ ಕರಾವಳಿಯ ಕಂದುತಲೆಯ ಕಡಲಕ್ಕಿಗಳು, ಪುಟ್ಟ ಸ್ಯಾಂಡ್ ಪ್ಲೋವರ್‌ಗಳು ಲಡಾಖ್, ಟಿಬೆಟ್ ಕಡೆಯ ಎತ್ತರದ ಬಯಲುಗಳಲ್ಲಿ ಮರಿಮಾಡಿ ಇಲ್ಲಿಗೆ ಬರುವಂಥವು. ಪಟ್ಟೆಬಾಲದ ಗಾಡ್ವಿಟ್ ಎಂಬ ಉದ್ದಕೊಕ್ಕಿನ ಹಕ್ಕಿ ನಮ್ಮ ಕಡಲತೀರಕ್ಕೂ ಬರುತ್ತದೆ. ಅದೇ ಜಾತಿಯ ಒಂದು ಹಕ್ಕಿ 2007ರಲ್ಲಿ ಅಲಾಸ್ಕಾದಿಂದ ನ್ಯೂಜಿಲೆಂಡಿಗೆ 11,000 ಕಿಲೋಮೀಟರಿಗೂ ಹೆಚ್ಚು ದೂರವನ್ನು ಎಲ್ಲಿಯೂ ಇಳಿಯದೆ ಹಾರಿದ್ದನ್ನು ಉಪಗ್ರಹದ ಮೂಲಕ ಅಳೆದಿದ್ದಾರೆ. ಇಂಥ ಪಯಣಕ್ಕೆ ಬೇಕಾದ ಕೊಬ್ಬನ್ನು ಹಕ್ಕಿ ಕೂಡಿಡುವುದು ಇಳಿತದಲ್ಲಿ ಮೇದು, ಭರತದಲ್ಲಿ ವಿಶ್ರಮಿಸಿ. ವಿನಾಕಾರಣ ಎಬ್ಬಿಸಿದ ಒಂದೊಂದು ಹಾರಾಟವೂ ಆ ಗಂಟಿನಿಂದಲೇ ಖರ್ಚಾಗುತ್ತದೆ. ಹೆದರಿ ಎದ್ದ ಹಕ್ಕಿಗಳ ಚಿತ್ರ ನೋಡಿದರೆ ಗೊತ್ತಾಗುತ್ತದೆ. ಎಲ್ಲವೂ ನಮಗೆ ಬೆನ್ನು ತಿರುಗಿಸಿ ದೂರ ಹೋಗುತ್ತಿರುತ್ತವೆ. ಚಿತ್ರವಾಗಿಯೂ ಅದು ಸೋತ ಚಿತ್ರವೇ. ಮೇಯುವ ಹಕ್ಕಿ ಮೇಯುವುದನ್ನು ನಿಲ್ಲಿಸಿ ಕುತ್ತಿಗೆ ಎತ್ತಿದರೆ, ಮಲಗಿದ ಹಕ್ಕಿಗಳು ಒಂದೊಂದಾಗಿ ಎದ್ದು ನಡೆಯತೊಡಗಿದರೆ ಅಲ್ಲಿಂದ ಮುಂದೆ ಒಂದು ಹೆಜ್ಜೆಯನ್ನೂ ಇಡಬಾರದು, ಸಾಧ್ಯವಾದರೆ ಹಿಂದೆ ಸರಿಯಬೇಕು. ಕಡಲ ಹದ್ದಿನ ಗೂಡಿರುವ ಮರದ ಹತ್ತಿರವಂತೂ ಸುಳಿಯಲೇಬಾರದು, ಗೂಡಿರುವ ಜಾಗವನ್ನು ಯಾರಿಗೂ ಹೇಳಲೂಬಾರದು.

ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. 4,801 ಹೆಕ್ಟೇರಿನ ಆ ಜಾಗದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳು, ಬಳಚಿನ ದಿಬ್ಬಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಕ್ಕಿ ಚಿತ್ರ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ನವೆಂಬರಿನಿಂದ ಫೆಬ್ರವರಿಯ ತನಕ ಒಳ್ಳೆಯ ಕಾಲ. ಕ್ಯಾಮೆರಾ, ಲೆನ್ಸ್‌ಗಳ ಬಗ್ಗೆಯೂ ಎಚ್ಚರ ಬೇಕು: ಉಪ್ಪುಗಾಳಿಯಲ್ಲಿ ಲೆನ್ಸ್ ಬದಲಿಸಬೇಡಿ, ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ, ಮಳೆಗಾಲ ಪೂರ್ತಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿದರೆ ತೆಗೆಸುವುದು ದುಬಾರಿ.

ಮನೆಗೆ ಬಂದು ಚಿತ್ರಗಳನ್ನು ದೊಡ್ಡದು ಮಾಡಿ ನೋಡುವಾಗ ಹಕ್ಕಿಗಳ ಕಾಲನ್ನು ಗಮನಿಸಲು ಮರೆಯಬೇಡಿ. ಕೆಲವು ಹಕ್ಕಿಗಳ ಕಾಲಿನಲ್ಲಿ ವಿಜ್ಞಾನಿಗಳು ತೊಡಿಸಿದ ಲೋಹದ ಉಂಗುರವೋ ಅಕ್ಷರ ಬರೆದ ಬಣ್ಣದ ಪಟ್ಟಿಯೋ ಇರುತ್ತದೆ. ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಿಂದ ಹಕ್ಕಿಗಳಿಗೆ ಉಂಗುರ ತೊಡಿಸುತ್ತ ಬಂದಿದೆ. ಅಂಥ ಹಕ್ಕಿ ನಿಮ್ಮ ಚಿತ್ರದಲ್ಲಿ ಸಿಕ್ಕರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಯಾವ ಕಾಲು, ಯಾವ ದಿನ, ಯಾವ ದಂಡೆ ಎಂದು ಬರೆದು ಚಿತ್ರದ ಜೊತೆ ಆ ಸಂಸ್ಥೆಗೆ ಕಳಿಸಿಕೊಡಿ.